ಇಸ್ಪೀಟ್ ಎಲೆಯಿಂದ ನಿಂಟೆಂಡೊ

ಮೊಬೈಲಿನಲ್ಲಿ ವಿಡಿಯೊ ಗೇಮ್ ಕಂಪನಿ ನಡೆಸುವ ಆಟ ಆಡುತ್ತೇನೆ. ಬೇಗ ಲಾಭ ಬೇಕೆಂದು ಆತುರಪಟ್ಟು ಎರಡು ಸಲ ದಿವಾಳಿಯಾದೆ. ಆಮೇಲೆ ನಿಂಟೆಂಡೊ ಸ್ಥಾಪಕ ಫುಸಾಜಿರೊ ಯಾಮೌಚಿ ಅವರ ಬಗ್ಗೆ ಓದಿದೆ.

ಅವರು 1859ರಲ್ಲಿ ಜಪಾನಿನ ಕ್ಯೋಟೋದಲ್ಲಿ ಜನಿಸಿದರು. 1889ರಲ್ಲಿ ಹನಾಫುದಾ ಎಂಬ ಹೂಚಿತ್ರದ ಎಲೆಗಳನ್ನು ಕೈಯಿಂದ ತಯಾರಿಸಿ ಮಾರುವ ಅಂಗಡಿ ತೆರೆದರು. ಜೂಜಾಡುವವರೂ ಅವನ್ನು ಕೊಳ್ಳುತ್ತಿದ್ದರು. ಅದೊಂದು ನನಗೆ ಹಿಡಿಸಲಿಲ್ಲ. ಆದರೆ ಅವರ ತಾಳ್ಮೆ ಹಿಡಿಸಿತು. ನಲವತ್ತು ವರ್ಷ ದುಡಿದು, 1929ರಲ್ಲಿ ವ್ಯವಹಾರವನ್ನು ಅಳಿಯನಿಗೆ ಒಪ್ಪಿಸಿದರು. 1940ರಲ್ಲಿ ನಿಧನರಾದರು.

ವಿಡಿಯೊ ಗೇಮನ್ನು ಅವರು ನೋಡಲೇ ಇಲ್ಲ. ಮರಿಮೊಮ್ಮಗ ಹಿರೋಶಿ ಅವರ ಕಾಲದಲ್ಲಿ, 1983ರಲ್ಲಿ, ಫ್ಯಾಮಿಕಾಮ್ ಬಂತು. ಅಕೌಂಟೆನ್ಸಿಯ ಗೋಯಿಂಗ್ ಕನ್ಸರ್ನ್ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಇವರಿಂದ. ಮೂರನೆಯ ಕಂಪನಿಯನ್ನು ನಿಧಾನವಾಗಿ ನಡೆಸುತ್ತಿದ್ದೇನೆ.