ಮಳಖೇಡದ ದೊರೆಯೂ ಹಲವು ವಿದ್ಯೆಗಳೂ

ಅಫಜಲಪುರ ತಾಲ್ಲೂಕನ್ನು ಬಳಸಿಕೊಂಡು ಹರಿಯುವ ಭೀಮೆ, ಜೇವರ್ಗಿಯ ಸೀಮೆಯನ್ನು ದಾಟುತ್ತ ಮುಂದೆ ಕಾಗಿಣಾ ನದಿಯನ್ನು ಕೂಡಿಸಿಕೊಳ್ಳುತ್ತದೆ. ಆ ಕಾಗಿಣಾದ ದಂಡೆಯ ಮೇಲಿರುವ ಮಳಖೇಡ ಇಂದು ಸೇಡಂ ತಾಲ್ಲೂಕಿನ ಒಂದು ಊರು. ಕುಸಿಯುತ್ತಿರುವ ಕೋಟೆ, ಒಂದು ಪ್ರಾಚೀನ ಬಸದಿ, ಟೀಕಾಚಾರ್ಯ ಜಯತೀರ್ಥರ ಸನ್ನಿಧಾನ ಇವಿಷ್ಟೇ ಹೊರಗಿನವರಿಗೆ ಅದರ ಗುರುತು. ಒಂಬತ್ತನೆಯ ಶತಮಾನದಲ್ಲಿ ಇದೇ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಅಲ್ಲಿ ಅರವತ್ತನಾಲ್ಕು ವರ್ಷ ಆಳಿದ ಅಮೋಘವರ್ಷ ನೃಪತುಂಗನನ್ನು ನಾವು ಸಾಮಾನ್ಯವಾಗಿ ಕವಿರಾಜಮಾರ್ಗದ ಹೆಸರಿನೊಡನೆ ಮಾತ್ರ ನೆನೆಯುತ್ತೇವೆ. ಕನ್ನಡದ ಅಭಿಮಾನಕ್ಕೆ ಅದು ಸಾಕು. ಆದರೆ ಆ ದೊರೆಯ ಬಾಳಿಗೆ ಅದು ಸಾಲದು.

ಆತ ಹುಟ್ಟಿದ್ದು ಅರಮನೆಯಲ್ಲಲ್ಲ, ದಂಡಿನ ಬಿಡಾರದಲ್ಲಿ. ತಂದೆ ಮುಮ್ಮಡಿ ಗೋವಿಂದ ಉತ್ತರದ ದಿಗ್ವಿಜಯದಿಂದ ಹಿಂದಿರುಗುವಾಗ ನರ್ಮದೆಯ ಬಳಿಯ ಶ್ರೀಭವನದಲ್ಲಿ ತಂಗಿದ್ದನು. ಸುಮಾರು ಕ್ರಿ.ಶ. 800ರಲ್ಲಿ ಅಲ್ಲಿ ಜನಿಸಿದ ಮಗುವಿನ ಹೆಸರು ಶರ್ವ. 814ರಲ್ಲಿ ತಂದೆ ತೀರಿಕೊಂಡಾಗ ಅವನಿನ್ನೂ ಬಾಲಕ. ಗುಜರಾತ ಶಾಖೆಯ ಕರ್ಕ ಸುವರ್ಣವರ್ಷನು ಅವನ ಪರವಾಗಿ ರಾಜ್ಯಭಾರ ನೋಡಿಕೊಂಡನು. ಬಾಲರಾಜನನ್ನು ಕಂಡು ಸಾಮಂತರೂ ದಾಯಾದಿಗಳೂ ಸುಮ್ಮನಿರಲಿಲ್ಲ. ದಂಗೆಗಳೆದ್ದು ಸಿಂಹಾಸನವೇ ಕೈತಪ್ಪಿತು. 821ರ ಹೊತ್ತಿಗೆ ಕರ್ಕನ ನೆರವಿನಿಂದ ಅದು ಮರಳಿ ದಕ್ಕಿತು.

ಮುಂದೆಯೂ ಅವನ ಆಳ್ವಿಕೆ ಶಾಂತವಾಗಿರಲಿಲ್ಲ. ವೆಂಗಿಯ ಚಾಲುಕ್ಯರೊಡನೆ ಯುದ್ಧ, ಗಂಗರೊಡನೆ ದೀರ್ಘ ಕಲಹ, ಗುಜರಾತದ ತನ್ನವರೊಡನೆಯೇ ವೈಮನಸ್ಯ ನಡೆದೇ ಇದ್ದವು. ಸೇನಾನಿ ಬಂಕೇಶನು ಅನೇಕ ಬಾರಿ ರಾಜ್ಯವನ್ನು ಉಳಿಸಿದನು. ಗಂಗರೊಡನೆಯ ಕಲಹ ಕೊನೆಗೆ ಕತ್ತಿಯಿಂದಲ್ಲ, ಸಂಬಂಧದಿಂದ ಬಗೆಹರಿಯಿತು. ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ದೊರೆ ದಕ್ಷಿಣದ ಗಡಿಯನ್ನು ತಣ್ಣಗಾಗಿಸಿದನು. ತಂದೆಯಂತೆ ಹಿಮಾಲಯದ ಕಡೆಗೆ ದಂಡೆತ್ತಿ ಹೋದ ವೀರನೆಂದು ಇತಿಹಾಸಕಾರರು ಅವನನ್ನು ಹೊಗಳುವುದಿಲ್ಲ. ಆದರೂ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ 851ರ ಅರಬ್ಬೀ ವೃತ್ತಾಂತ, ಬಲ್ಹರಾ ಎಂದು ಕರೆಯುವ ಈ ಮನೆತನದ ದೊರೆಯನ್ನು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೂಮಿನ ಅರಸನೊಡನೆ ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು.

ಇಂಥ ಬಿರುಗಾಳಿಯ ನಡುವೆ ಮಾನ್ಯಖೇಟದ ಆಶ್ರಯದಲ್ಲಿಯೂ ಅದರ ಪ್ರಭಾವದ ಪರಿಸರದಲ್ಲಿಯೂ ನಡೆದ ವಿದ್ಯಾಕಾರ್ಯವನ್ನು ಒಟ್ಟಾಗಿ ನೋಡಿದರೆ ಬೆರಗಾಗುತ್ತದೆ. ಮೊದಲನೆಯದು ಗಣಿತ. ಸುಮಾರು 850ರಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ, ಅದರ ಆರಂಭದಲ್ಲಿ ಈ ದೊರೆಯನ್ನು ಸ್ತುತಿಸಿದನು. ಅಲ್ಲಿಯವರೆಗೆ ಭಾರತದಲ್ಲಿ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯಗಳಲ್ಲಿ ಅಡಗಿ ಕುಳಿತಿತ್ತು. ಮಹಾವೀರನು ಅದಕ್ಕೆ ಒಂಬತ್ತು ಅಧ್ಯಾಯಗಳ ಸ್ವತಂತ್ರ ಮನೆಯನ್ನೇ ಕಟ್ಟಿಕೊಟ್ಟನು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ, ಭಿನ್ನರಾಶಿಗಳನ್ನು ಕೂಡಿಸಲು ಲಘುತಮ ಸಾಮಾನ್ಯ ಅಪವರ್ತ್ಯದ ಬಳಕೆ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬ ಸ್ಪಷ್ಟ ತಿಳಿವಳಿಕೆ ಅವನ ಗ್ರಂಥದಲ್ಲಿವೆ. ಬಡ್ಡಿಯ ಲೆಕ್ಕ, ಚಿನ್ನದ ಬಣ್ಣದ ಲೆಕ್ಕ ಇವೆ. ತೋಡಿದ ಗುಂಡಿಯ ಗಾತ್ರ, ಕಟ್ಟಡಕ್ಕೆ ಬೇಕಾಗುವ ಇಟ್ಟಿಗೆ, ಗರಗಸದಿಂದ ಸೀಳುವ ಮರದ ಲೆಕ್ಕಗಳೂ ಇವೆ. ಇಂದು ನಾವು ಎಂಜಿನಿಯರಿಂಗ್ ಎನ್ನುವುದರ ಪಾಠ ಅಲ್ಲಿ ಗಣಿತದ ಮಡಿಲಲ್ಲಿಯೇ ಕುಳಿತಿದೆ.

ಗಣಿತದ ಪ್ರಯೋಜನವನ್ನು ಹೇಳುವಾಗ ಮಹಾವೀರನು ಗ್ರಹಗತಿಯನ್ನು ಮಾತ್ರ ಹೆಸರಿಸಿ ಸುಮ್ಮನಾಗುವುದಿಲ್ಲ. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಎಲ್ಲಕ್ಕೂ ಅದು ಬೇಕೆಂದು ಪಟ್ಟಿ ಮಾಡುತ್ತಾನೆ. ವಿಜ್ಞಾನಿಯೊಬ್ಬನು ತನ್ನ ನೆರೆಮನೆಯ ವಿದ್ಯೆಗಳನ್ನು ಇಷ್ಟು ಗೌರವದಿಂದ ಗುರುತಿಸಿದ್ದಕ್ಕೆ ಕಾರಣವಿರಬೇಕು. ಆ ವಿದ್ಯೆಗಳನ್ನು ಬಲ್ಲವರು ನಿಜವಾಗಿಯೂ ಅವನ ನೆರೆಯಲ್ಲಿದ್ದರು.

ಅವರಲ್ಲಿ ಒಬ್ಬ ವೈಯಾಕರಣಿ ಶಾಕಟಾಯನ. ಸಂಸ್ಕೃತ ವ್ಯಾಕರಣವನ್ನು ಹೊಸದಾಗಿ ಸೂತ್ರೀಕರಿಸಿ, ಅದಕ್ಕೆ ತಾನೇ ಬರೆದ ವ್ಯಾಖ್ಯಾನಕ್ಕೆ ದೊರೆಯ ಹೆಸರಿನಿಂದಲೇ ಅಮೋಘವೃತ್ತಿ ಎಂದು ಹೆಸರಿಟ್ಟನು. ಸಮೀಪ ಭೂತಕಾಲಕ್ಕೆ ಉದಾಹರಣೆ ಬೇಕಾದಾಗ ಅಮೋಘವರ್ಷನು ಶತ್ರುಗಳನ್ನು ಸುಟ್ಟ ಸಂಗತಿಯನ್ನು ಬಳಸಿಕೊಂಡನು. ಇತಿಹಾಸಕಾರರಿಗೆ ಈ ವ್ಯಾಕರಣದ ಉದಾಹರಣೆಯೇ ಕಾಲನಿರ್ಣಯದ ಆಧಾರವಾಯಿತು. ಮತ್ತೊಬ್ಬರು ಆಚಾರ್ಯ ಜಿನಸೇನ. ಗುರು ವೀರಸೇನರು ಅಪೂರ್ಣವಾಗಿ ಬಿಟ್ಟುಹೋಗಿದ್ದ ಜಯಧವಲಾ ಎಂಬ ಬೃಹತ್ ವ್ಯಾಖ್ಯಾನವನ್ನು ಅವರು 837ರಲ್ಲಿ ಮುಗಿಸಿದರು. ಅವರ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಪೂರೈಸಿದರು. ಒಂದು ತಲೆಮಾರಿನ ಕೆಲಸವನ್ನು ಮುಂದಿನ ತಲೆಮಾರು ಮುಗಿಸುವ ಈ ಶಿಸ್ತು ಸಂಶೋಧನೆಯ ನಿಜವಾದ ಬೆನ್ನೆಲುಬು. ವೈದ್ಯದಲ್ಲಿ ಉಗ್ರಾದಿತ್ಯನ ಕಲ್ಯಾಣಕಾರಕವಿದೆ. ಅದರ ಕೊನೆಯಲ್ಲಿ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ಹಿತಾಹಿತಗಳ ಬಗ್ಗೆ ವೈದ್ಯರ ಮುಂದೆ ನಡೆದ ವಾದದ ಪ್ರಸ್ತಾಪ ಬರುತ್ತದೆ. ಆ ನೃಪತುಂಗ ಈತನೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಕನ್ನಡಕ್ಕೆ ದಕ್ಕಿದ್ದು ಕವಿರಾಜಮಾರ್ಗ. ಅದನ್ನು ರಚಿಸಿದವನು ದೊರೆಯೇ ಅಥವಾ ಅವನ ಸಭೆಯ ಶ್ರೀವಿಜಯನೇ ಎಂಬ ಚರ್ಚೆ, 1898ರಲ್ಲಿ ಕೆ.ಬಿ. ಪಾಠಕರು ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಬಹುಕಾಲ ನಡೆಯಿತು. ನೃಪತುಂಗನ ಅನುಮತದಂತೆ ಶ್ರೀವಿಜಯನು ಬರೆದನೆಂಬುದು ಇಂದು ಬಹುಮಂದಿ ಒಪ್ಪುವ ಮಾತು. ದಂಡಿಯ ಸಂಸ್ಕೃತ ಲಕ್ಷಣಗ್ರಂಥವನ್ನು ಮುಂದಿಟ್ಟುಕೊಂಡರೂ ಅದು ಬರಿಯ ಅನುವಾದವಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸಿ, ಅದರೊಳಗೆ ಕನ್ನಡಗಳು ಹಲವಿವೆ ಎಂಬುದನ್ನೂ ಅದು ಒಪ್ಪಿಕೊಂಡಿತು. ಆಡುನುಡಿಯ ವೈವಿಧ್ಯವನ್ನು ಶಾಸ್ತ್ರದ ವಿಷಯವೆಂದು ಕಂಡ ಗ್ರಂಥ ಹುಟ್ಟಿದ್ದು, ಇಂದು ತನ್ನ ನುಡಿಯ ಧಾಟಿಗಾಗಿ ಹಾಸ್ಯಕ್ಕೆ ಗುರಿಯಾಗುವ ಸೀಮೆಯಲ್ಲಿ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ವಿದ್ಯೆಗಳು ಒಂದೇ ದನಿಯಲ್ಲಿ ಮಾತಾಡಲಿಲ್ಲ ಎಂಬುದು ಇನ್ನೂ ಮುಖ್ಯ. ಜಿನಸೇನರು ದಿಗಂಬರ ಪಂಥದವರು, ಶಾಕಟಾಯನನು ಯಾಪನೀಯ. ಸ್ತ್ರೀಜನ್ಮದಲ್ಲಿಯೇ ಮೋಕ್ಷ ಸಾಧ್ಯವಿಲ್ಲವೆಂಬುದು ದಿಗಂಬರರ ನಿಲುವು. ಸಾಧ್ಯವೆಂದು ವಾದಿಸಲು ಶಾಕಟಾಯನನು ಒಂದು ಪ್ರಕರಣವನ್ನೇ ಬರೆದನು. ಜಿನಸೇನರಿಗೆ ನಮಿಸಿ ಪಾವನನಾದೆನೆಂದು ಭಾವಿಸಿದ ದೊರೆಯ ಕಾಲದಲ್ಲಿಯೇ ಆ ವಾದಕ್ಕೂ ಜಾಗವಿತ್ತು. ದೊರೆಯೂ ಒಂದೇ ಗೆರೆಯ ಮೇಲೆ ನಡೆದವನಲ್ಲ. ಪ್ರಜೆಗಳಿಗೆ ಒದಗಿದ ಆಪತ್ತು ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ.

ಆ ಕಾಲವನ್ನು ಸುವರ್ಣಯುಗವೆಂದು ಸಾರಿ ಸುಮ್ಮನಾಗುವುದೂ ಸರಿಯಲ್ಲ. ವಿದ್ಯೆಗೆ ದೊರೆತ ಆಶ್ರಯದ ಹಿಂದೆ ರೈತನ ಕಂದಾಯವಿತ್ತು, ಸಾಮಂತನ ಕತ್ತಿಯಿತ್ತು. ನಮಗೆ ತಿಳಿದಿರುವ ಆ ಪಂಡಿತರ ಪಟ್ಟಿಯಲ್ಲಿ ಹೆಣ್ಣಿನ ಹೆಸರೊಂದೂ ಇಲ್ಲ. ವಿದ್ವತ್ತೂ ದೋಷಮುಕ್ತವಾಗಿರಲಿಲ್ಲ: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲವೆಂದು ಮಹಾವೀರನೇ ತಪ್ಪು ಹೇಳಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅನಂತದ ಕಲ್ಪನೆಯತ್ತ ನಡೆದನು. ಬರೆದಿಟ್ಟ ತಪ್ಪನ್ನು ಮುಂದಿನವರು ತಿದ್ದಬಹುದು. ಬರೆಯದೇ ಉಳಿದದ್ದನ್ನು ಯಾರೂ ತಿದ್ದಲಾರರು.

ಸುಮಾರು 878ರಲ್ಲಿ ಅಮೋಘವರ್ಷನ ಕಾಲ ಮುಗಿಯಿತು. ವಿವೇಕದಿಂದ ರಾಜ್ಯವನ್ನು ತೊರೆದವನೆಂಬ ಮಾತು ಅವನದೆನ್ನಲಾದ ಪ್ರಶ್ನೋತ್ತರ ರತ್ನಮಾಲಿಕೆಯಲ್ಲಿದೆ. ಆ ಪುಟ್ಟ ಕೃತಿ ಟಿಬೆಟಿನ ಭಾಷೆಗೂ ಹೋಯಿತು. ಮಹಾವೀರನ ಗಣಿತವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಜಗತ್ತಿನ ಗಣಿತಜ್ಞರಿಗೆ ಅದು ಪರಿಚಯವಾಯಿತು. ಜಯಧವಲಾದ ತಾಳೆಗರಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟವು. ಸಾಮ್ರಾಜ್ಯದ ಗಡಿಗಳಲ್ಲಿ ಒಂದೂ ಉಳಿಯಲಿಲ್ಲ, ಗ್ರಂಥಗಳು ಉಳಿದವು. ಆದರೆ ಅವು ತಾವಾಗಿ ಉಳಿಯಲಿಲ್ಲ. ಗಣಿತವನ್ನು ಉಳಿಸಲು ಸಂಸ್ಕೃತ ಬಲ್ಲವರು ಬೇಕಾದರು, ತಾಳೆಗರಿ ಓದಲು ಲಿಪಿ ಬಲ್ಲವರು ಬೇಕಾದರು, ಕಾಲ ಗೊತ್ತುಮಾಡಲು ಶಾಸನ ಬಲ್ಲವರು ಬೇಕಾದರು.

ಇಂದು ಇದೇ ಸೀಮೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. 2009ರ ಕಾಯಿದೆಯಿಂದ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ 2013ರಲ್ಲಿ ಜಾರಿಗೆ ಬಂತು. ಆದರೂ ಅತನೂರದಂಥ ಊರಿನಿಂದ ಬರುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಕಲೆಯೋ ವಿಜ್ಞಾನವೋ ಎಂಬ ಕವಲು. ವಿಜ್ಞಾನ ಸಿಕ್ಕದವರಿಗೆ ಕಲೆ ಎಂಬ ತಾತ್ಸಾರವೂ ಅದರ ಬೆನ್ನಿಗಿರುತ್ತದೆ. ಸಂಶೋಧನೆಗೆ ಹಣ ಒದಗಿಸಲು ಸಂಸತ್ತು 2023ರಲ್ಲಿ ಒಪ್ಪಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯೂ ವಿಜ್ಞಾನ, ಎಂಜಿನಿಯರಿಂಗ್, ಆರೋಗ್ಯ, ಕೃಷಿಗಳನ್ನು ನೇರವಾಗಿ ಒಳಗೊಂಡಿದೆ. ಮಾನವಿಕ ಶಾಸ್ತ್ರಗಳಿಗೆ ಮಾತ್ರ ಅವು ವಿಜ್ಞಾನ ತಂತ್ರಜ್ಞಾನಗಳೊಡನೆ ಸಂಧಿಸುವ ಕಡೆಯಲ್ಲಷ್ಟೇ ಸ್ಥಾನ. ಆ ಅಳತೆಗೋಲಿನಿಂದ ಅಳೆದರೆ ಮಹಾವೀರನಿಗೆ ನೆರವು ಸಿಕ್ಕೀತು, ಶ್ರೀವಿಜಯನಿಗೂ ಶಾಕಟಾಯನನಿಗೂ ಕಷ್ಟವಾದೀತು.

ಅಮೋಘವರ್ಷನು ತಾನೇ ಗಣಿತಜ್ಞನಾಗಿರಲಿಲ್ಲ, ವೈದ್ಯನಾಗಿರಲಿಲ್ಲ. ಯಾವ ವಿದ್ಯೆಯಿಂದ ನಾಳೆ ಏನು ಲಾಭವೆಂದು ಅಳೆದು ಆಶ್ರಯ ಕೊಟ್ಟವನೆಂಬುದಕ್ಕೂ ಆಧಾರವಿಲ್ಲ. ಅನೇಕ ಬಗೆಯ ಬಲ್ಲವರು ಒಂದೇ ಪರಿಸರದಲ್ಲಿ ಬಹುಕಾಲ ಕೆಲಸ ಮಾಡಲು ಅವನ ಆಳ್ವಿಕೆ ಅವಕಾಶವಾಯಿತು. ಫಲ ಸಾವಿರದ ನೂರು ವರ್ಷಗಳ ಆಚೆಗೂ ದೊರಕುತ್ತಿದೆ. ಮಳಖೇಡದ ಕೋಟೆಯನ್ನು ದುರಸ್ತಿ ಮಾಡುವುದು ಅಗತ್ಯವೇ. ಅದಕ್ಕಿಂತ ಅಗತ್ಯವಾದುದು, ಗಣಿತದ ವಿಭಾಗಕ್ಕೂ ಕನ್ನಡದ ವಿಭಾಗಕ್ಕೂ ನಡುವೆ ಎದ್ದಿರುವ ಗೋಡೆಯಲ್ಲಿ ಒಂದು ಬಾಗಿಲು ತೆರೆಯುವುದು. ಗಣಿತಸಾರಸಂಗ್ರಹವನ್ನು ಇಬ್ಬರೂ ಕೂಡಿ ಓದಿದರೆ ಅದೇ ಒಳ್ಳೆಯ ಆರಂಭವಾದೀತು.