ಗುಲಾಮರಿಗೆ ಗುಲಾಮರಾದ ಸಂತ ಪೀಟರ್ ಕ್ಲೇವರ್

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಮರುದಿನ ಬರುವ ಸಂತ ಪೀಟರ್ ಕ್ಲೇವರ್ ಅವರ ಸ್ಮರಣೆ ನಮ್ಮಲ್ಲಿ ಅನೇಕರ ಗಮನಕ್ಕೇ ಬಾರದು.

1580ರಲ್ಲಿ ಸ್ಪೇನ್ ದೇಶದ ವೆರ್ದು ಎಂಬ ಊರಿನಲ್ಲಿ ಹುಟ್ಟಿದ ಪೀಟರ್, 1602ರಲ್ಲಿ ಯೇಸುಸಭೆಯನ್ನು ಸೇರಿದರು. ಅಮೆರಿಕಕ್ಕೆ ಹೋಗುವಂತೆ ಅವರನ್ನು ಹುರಿದುಂಬಿಸಿದವರು ಮಯೋರ್ಕಾ ದ್ವೀಪದ ಕಾಲೇಜಿನಲ್ಲಿ ಬಾಗಿಲು ಕಾಯುತ್ತಿದ್ದ ವೃದ್ಧ ಸಹೋದರ ಅಲ್ಫೋನ್ಸ್ ರೊಡ್ರಿಗಸ್. ಪೀಟರ್ 1610ರಲ್ಲಿ ಇಂದಿನ ಕೊಲಂಬಿಯದ ಕಾರ್ತಹೇನಾ ಬಂದರಿಗೆ ಬಂದು, 1616ರಲ್ಲಿ ಅಲ್ಲಿಯೇ ಗುರುದೀಕ್ಷೆ ಪಡೆದರು.

ಆ ಬಂದರನ್ನು ಊಹಿಸಿಕೊಳ್ಳಿ. ಆಫ್ರಿಕದಿಂದ ಸರಪಳಿ ಬಿಗಿದು ತಂದ ಗಂಡಸರು, ಹೆಂಗಸರು, ಮಕ್ಕಳನ್ನು ದನಗಳಂತೆ ಮಾರುವ ಸಂತೆ ಅದು. ಹಡಗು ಬಂತೆಂದು ತಿಳಿದೊಡನೆ ಪೀಟರ್ ಸ್ವಾಮಿಯವರು ಹಣ್ಣು, ರೊಟ್ಟಿ, ಔಷಧಿಗಳೊಂದಿಗೆ ಹೊರಡುತ್ತಿದ್ದರು. ದುರ್ನಾತ ತುಂಬಿದ ಹಡಗಿನ ಒಳಗಿಳಿದು, ರೋಗಿಗಳ ಹುಣ್ಣು ತೊಳೆದು, ತಮ್ಮ ಮೇಲಂಗಿಯನ್ನೇ ಹೊದಿಸುತ್ತಿದ್ದರು. ಉಪದೇಶವೆಲ್ಲ ಆಮೇಲೆ. ಹೀಗೆ ಮೂರು ದಶಕಗಳಿಗೂ ಮಿಕ್ಕಿದ ಸೇವೆ! ಅವರಿಂದ ಜ್ಞಾನಸ್ನಾನ ಪಡೆದವರು 3 ಲಕ್ಷ ಎಂಬುದು ಪರಂಪರೆಯಿಂದ ಬಂದ ಲೆಕ್ಕ. 1622ರಲ್ಲಿ ಅಂತಿಮ ವ್ರತ ಸ್ವೀಕರಿಸುವಾಗ, ತಾವು ಆಫ್ರಿಕದವರಿಗೆ ಎಂದೆಂದಿಗೂ ಗುಲಾಮರೆಂದು ಬರೆದು ಸಹಿ ಹಾಕಿದರು.

ಇಲ್ಲೊಂದು ಕಹಿ ಸತ್ಯವನ್ನು ನಿಮ್ಮಿಂದ ಮುಚ್ಚಿಡಬಾರದು. ಆಫ್ರಿಕದ ಆ ಎಲ್ಲ ಭಾಷೆಗಳನ್ನು ಒಬ್ಬರೇ ಬಲ್ಲರೇ? ಸ್ವಾಮಿಯವರ ಮಾತನ್ನು ಆ ಜನರಿಗೆ ತಿಳಿಸುತ್ತಿದ್ದ ದುಭಾಷಿಗಳೂ ಗುಲಾಮರೇ. ಅವರ ಒಡೆತನ ಯೇಸುಸಭೆಯ ಕಾಲೇಜಿನದು! ಪೀಟರ್ ಆ ವ್ಯವಸ್ಥೆಯನ್ನು ಉರುಳಿಸಲು ಹೊರಟವರಲ್ಲ. ಆದರೆ ಅವರ ಬಳಿ ಪಾಪನಿವೇದನೆಗೆ ಗುಲಾಮರೇ ಮೊದಲು. ರೇಷ್ಮೆ ಉಟ್ಟ ಶ್ರೀಮಂತರು ಕಾಯಬೇಕಿತ್ತು, ಇಲ್ಲವೇ ಬೇರೆ ಗುರುಗಳನ್ನು ಹುಡುಕಿಕೊಳ್ಳಬೇಕಿತ್ತು. ಇದು ಸಣ್ಣ ಸಂಗತಿ ಎನ್ನುವಿರಾ? ಒಡೆಯರು ಸಿಡಿಮಿಡಿಗೊಂಡರು ಎಂಬುದನ್ನು ಮರೆಯಬೇಡಿ.

ಉಳಿದದ್ದಕ್ಕೆ ಶತಮಾನಗಳೇ ಬೇಕಾದವು. ಜಗದ್ಗುರು 16ನೇ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಕಟುವಾಗಿ ಖಂಡಿಸಿದ್ದು 1839ರಲ್ಲಿ; ಕೊಲಂಬಿಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನು ಬಂದದ್ದು 1851ರಲ್ಲಿ. ಜಗದ್ಗುರು 13ನೇ ಲಿಯೋ 1888ರಲ್ಲಿ ಪೀಟರ್ ಅವರನ್ನೂ ಬಾಗಿಲು ಕಾಯುತ್ತಿದ್ದ ಅಲ್ಫೋನ್ಸರನ್ನೂ ಒಂದೇ ದಿನ ಸಂತರೆಂದು ಘೋಷಿಸಿದರು.

ಪೀಟರ್ ಕೊನೆಯ 4 ವರ್ಷ ಕಾಯಿಲೆಯಿಂದ ನರಳಿ, 1654ರ ಸೆಪ್ಟೆಂಬರ್ 8ರಂದು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಬದುಕಿನ ಇಷ್ಟೊಂದು ವಿವರ ಉಳಿದದ್ದು ಯಾರಿಂದ ಗೊತ್ತೇ? ಸಂತಪದವಿಯ ವಿಚಾರಣೆ ನಡೆದಾಗ ಗವರ್ನರು, ಗುರುಗಳ ಜೊತೆಗೆ ಆ ದುಭಾಷಿಗಳನ್ನೂ ಕರೆದು, ಪ್ರಮಾಣ ಮಾಡಿಸಿ, ಅವರ ಸಾಕ್ಷಿಯನ್ನು ಬರೆದುಕೊಳ್ಳಲಾಯಿತು. ಅಂಗೋಲದ ಆಂದ್ರೇಸ್ ಸಾಕಾಬೂಚೆ ಅವರಲ್ಲೊಬ್ಬರು.