ಆ್ಯಂಟ್‌ವರ್ಪ್‌ಗೆ ಮುನ್ನ ಆರು ವಾರ: ಬೆಳಗಾವಿಯ ಫಡೆಪ್ಪ ಚೌಗುಲೆ

ಬಾಗಲಕೋಟೆ: ಚಳಿಗಾಲ ಕಾಲಿಟ್ಟಿತೆಂದರೆ ನವನಗರದ ಅಗಲವಾದ ರಸ್ತೆಗಳಲ್ಲಿ ಹೊತ್ತು ಮೂಡುವ ಮೊದಲೇ ಓಟಗಾರರ ಹೆಜ್ಜೆಯ ಸಪ್ಪಳ ಕೇಳತೊಡಗುತ್ತದೆ. ಬಾದಾಮಿಯವರು ಬನಶಂಕರಿಯ ದಾರಿ ಹಿಡಿಯುತ್ತಾರೆ. ಇಳಕಲ್‌ನವರಿಗೆ ಹುನಗುಂದದ ಕಡೆಗಿನ ರಸ್ತೆಯಿದೆ. ಇವರಲ್ಲಿ ಕೆಲವರ ಗುರಿ ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್. 2004ರಲ್ಲಿ ಆರಂಭವಾದ ಈ ಓಟದಲ್ಲಿ ಸ್ವಯಂಸೇವಾ ಸಂಸ್ಥೆಗಳ ಹೆಸರಿನಲ್ಲಿ ದೇಣಿಗೆ ಕೂಡಿಸಿ ಓಡುವವರೂ ಇರುತ್ತಾರೆ. ನೆಂಟರು, ಗೆಳೆಯರು, ಕಚೇರಿಯ ಸಹೋದ್ಯೋಗಿಗಳಿಂದ ಹಣ ಕೇಳಿ ಪಡೆದ ಮೇಲೆ ಓಟವು ಕೇವಲ ಸ್ವಂತದ ಹವ್ಯಾಸವಾಗಿ ಉಳಿಯುವುದಿಲ್ಲ. ಕೊಟ್ಟವರ ಮುಖ ನೆನಪಿಗೆ ಬರುತ್ತದೆ. ಕೊನೆಯ ಮೂರ್ನಾಲ್ಕು ವಾರಗಳ ಅಭ್ಯಾಸ ಭಾರವಾಗುವುದು ಈ ಕಾರಣಕ್ಕೆ.

ಅನ್ಯರ ಹಣದಲ್ಲಿ, ಅನ್ಯರ ನೆಲದಲ್ಲಿ ಇಂತಹ ಕೊನೆಯ ವಾರಗಳನ್ನು ಕಳೆದು, ಇಂದಿಗೆ ನೂರು ವರ್ಷಗಳಿಗೂ ಹಿಂದೆ ಜಗತ್ತಿನ ಅತಿ ದೊಡ್ಡ ಓಟಕ್ಕೆ ನಿಂತವರೊಬ್ಬರು ನಮ್ಮ ನೆರೆಯ ಬೆಳಗಾವಿಯವರು. ಅವರೇ ಫಡೆಪ್ಪ ದರೆಪ್ಪ ಚೌಗುಲೆ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಅವರಿಗೆ 19ನೇ ಸ್ಥಾನ ದೊರೆಯಿತು. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ ಮೊದಲ ಭಾರತೀಯರು ಅವರು. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಬಗ್ಗೆ ಇರುವುದು ಈ ಒಂದು ಸಾಲು ಮಾತ್ರ. ಆ ಸಂಖ್ಯೆಯ ಹಿಂದಿನ ತಿಂಗಳುಗಳ ಕಥೆ ಅದಕ್ಕಿಂತ ಸ್ವಾರಸ್ಯದ್ದು.

ಪುಣೆಯ ಬರಿಗಾಲಿನ ಓಟ

ಅಂದು ಬೆಳಗಾವಿಯೂ, ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳನ್ನು ಒಳಗೊಂಡ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಈ ಭಾಗದ ಯುವಕರ ಕಣ್ಣು ಮೈಸೂರಿಗಿಂತ ಹೆಚ್ಚಾಗಿ ಪುಣೆಯ ಕಡೆಗಿತ್ತು. ಓದು, ಉದ್ಯೋಗ, ನಾಟಕ, ಕುಸ್ತಿ ಎಲ್ಲಕ್ಕೂ ಅದೇ ದಾರಿ. ಊರಿನಲ್ಲಿ ಗರಡಿಮನೆಗಳಿದ್ದವು, ಜಾತ್ರೆಯಲ್ಲಿ ಕಲ್ಲು ಎತ್ತುವ ಪಂದ್ಯಗಳಿದ್ದವು. ಆದರೆ ಓಟವನ್ನು ಗಡಿಯಾರ ಹಿಡಿದು ಅಳೆಯುವ ಪದ್ಧತಿ ಇದ್ದದ್ದು ನಗರದ ಕ್ರೀಡಾ ಸಂಸ್ಥೆಗಳಲ್ಲಿ. 1906ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮ್ಖಾನಾ ಅಂಥದೊಂದು ಸಂಸ್ಥೆ.

1919ರಲ್ಲಿ ಈ ಜಿಮ್ಖಾನಾದ ಅಧ್ಯಕ್ಷರಾಗಿದ್ದವರು ಜೆಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಪುತ್ರ ಸರ್ ದೊರಾಬ್ಜಿ ಟಾಟಾ. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಅವರಿಗೆ ಅಲ್ಲಿನ ಅಂಗಸಾಧನೆಯ ನಿಯಮಗಳ ಪರಿಚಯವಿತ್ತು. ಜಿಮ್ಖಾನಾದ ದೂರದ ಓಟದಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ರೈತಾಪಿ ಯುವಕರು. ಕಾಲಿಗೆ ಬೂಟಿಲ್ಲ, ಓಟದ ನಿಯಮಗಳು ಗೊತ್ತಿಲ್ಲ. ಆದರೂ ಅವರು ತೆಗೆದುಕೊಂಡ ಸಮಯವನ್ನು ಗಮನಿಸಿದಾಗ ಅದು ಯುರೋಪಿನ ಓಟಗಾರರ ಸಮಯಕ್ಕೆ ಬಹಳ ದೂರದ್ದೇನಲ್ಲ ಎಂಬುದು ದೊರಾಬ್ಜಿಯವರಿಗೆ ಹೊಳೆಯಿತು. ಭಾರತದಿಂದ ಒಲಿಂಪಿಕ್ಸ್‌ಗೆ ತಂಡ ಕಳಿಸುವ ವಿಚಾರ ಮೊಳೆತದ್ದು ಅಲ್ಲಿಯೇ. ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಮೂಲಕ ಪತ್ರವ್ಯವಹಾರ ನಡೆದು, ಭಾರತಕ್ಕೆ ಸ್ಪರ್ಧಿಸುವ ಅವಕಾಶ ದೊರೆಯಿತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಕಲ್ಕತ್ತೆಯ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಪದಕ ಗೆದ್ದಿದ್ದರು ನಿಜ. ಆದರೆ ಆರಿಸಿ, ತರಬೇತಿ ಕೊಟ್ಟು ಕಳಿಸಿದ ಮೊದಲ ಭಾರತೀಯ ತಂಡ 1920ರದ್ದು.

ಆ ವರ್ಷದ ಬೇಸಿಗೆಯಲ್ಲಿ ಪುಣೆಯಲ್ಲಿ ಆಯ್ಕೆಯ ಸ್ಪರ್ಧೆಗಳು ನಡೆದವು. 1902ರಲ್ಲಿ ಜನಿಸಿದ್ದ ಚೌಗುಲೆ ಅವರಿಗೆ ಆಗ ಹದಿನೆಂಟರ ಆಸುಪಾಸು. ಮ್ಯಾರಥಾನ್ ಎಂಬ ಓಟ ಮೂವತ್ತರ ಹೊಸ್ತಿಲಲ್ಲಿರುವವರಿಗೆ ಹೇಳಿದ್ದು ಎಂಬ ಇಂದಿನ ತಿಳಿವಳಿಕೆಯಿಂದ ನೋಡಿದರೆ ಈ ವಯಸ್ಸೇ ಅಚ್ಚರಿ ಹುಟ್ಟಿಸುತ್ತದೆ. ಓಟದ ವೇಗಕ್ಕಾಗಿ ಅವರನ್ನು ಪವನ ಆಂಜನೇಯ ಎಂದು ಕರೆಯುವ ರೂಢಿ ಬೆಳಗಾವಿಯಲ್ಲಿ ಬೆಳೆಯಿತು. ಅವರೊಂದಿಗೆ ಮ್ಯಾರಥಾನ್‌ಗೆ ಆಯ್ಕೆಯಾದವರು ಸಾತಾರೆಯ ಸದಾಶಿವ ದಾತಾರ. ಹುಬ್ಬಳ್ಳಿ ಭಾಗದ ಕೈಕಾಡಿ, ಬಂಗಾಳದ ಪೂರ್ಮಾ ಬ್ಯಾನರ್ಜಿ ಉಳಿದ ಓಟಗಾರರು. ಕುಮಾರ ನವಲೆ ಮತ್ತು ಕೊಲ್ಹಾಪುರದ ರಣಧೀರ ಶಿಂದೆ ಕುಸ್ತಿಪಟುಗಳು. ಆರು ಜನರ ಆ ತಂಡದಲ್ಲಿ ಇಬ್ಬರು ಇಂದಿನ ಕರ್ನಾಟಕದ ನೆಲದವರಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಂಡಿಲ್ಲ.

ದೇಣಿಗೆಯ ಹಡಗು

ಆಯ್ಕೆಯೇನೋ ಆಯಿತು, ಹಣ ಎಲ್ಲಿಂದ? ಸಾರ್ವಜನಿಕರಲ್ಲಿ ವಂತಿಗೆ ಕೇಳಲಾಯಿತು. ಬಂದದ್ದು ಸಾಲಲಿಲ್ಲ. ಸರ್ಕಾರ ಒಂದಿಷ್ಟು ನೆರವು ನೀಡಿತು. ದೊರಾಬ್ಜಿ ಟಾಟಾ ತಮ್ಮ ಕಿಸೆಯಿಂದ ಹಣ ತುಂಬಿದರು. ಒಲಿಂಪಿಕ್ಸ್ ಆ ಕಾಲದಲ್ಲಿ ಕಟ್ಟುನಿಟ್ಟಾಗಿ ಹವ್ಯಾಸಿಗಳ ಕೂಟ. ಆಟಕ್ಕಾಗಿ ಹಣ ಪಡೆದವರು ಅನರ್ಹರು. ಹಿಂದೆ ಅಲ್ಪ ಸಂಭಾವನೆ ಪಡೆದು ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ ಅಮೆರಿಕದ ಜಿಮ್ ಥಾರ್ಪ್ ಅವರ ಎರಡು ಚಿನ್ನದ ಪದಕಗಳನ್ನು 1913ರಲ್ಲಿ ಕಿತ್ತುಕೊಂಡದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೀಗಾಗಿ ದೇಣಿಗೆಯಾಗಿ ಬಂದ ಹಣ ಪ್ರಯಾಣಕ್ಕೆ, ಊಟಕ್ಕೆ, ವಸತಿಗೆ, ತರಬೇತಿಗೆ. ಓಟಗಾರನ ಕೈಗೆ ಅದರಲ್ಲಿ ಏನೂ ಬರುವಂತಿರಲಿಲ್ಲ.

ಇಂದಿನ ಸಹಾಯಾರ್ಥ ಓಟದಲ್ಲಿ ಓಡುವವರು ಇನ್ನೊಬ್ಬರಿಗಾಗಿ ಹಣ ಕೂಡಿಸುತ್ತಾರೆ. ಚೌಗುಲೆ ಅವರದು ತಿರುವುಮುರುವಾದ ಪರಿಸ್ಥಿತಿ. ಇಲ್ಲಿ ಕೂಡಿಸಿದವರು ಬೇರೆಯವರು, ಓಡಿ ತೋರಿಸಬೇಕಾದವರು ಇವರು. ಸೋತು ಬಂದರೆ ಮತ್ತೊಮ್ಮೆ ಇಂಥ ತಂಡಕ್ಕೆ ಯಾರೂ ಬಿಡಿಗಾಸು ಕೊಡಲಾರರು ಎಂಬ ಆತಂಕ ಸಂಘಟಕರಲ್ಲಿ ಇರದಿರಲು ಸಾಧ್ಯವಿಲ್ಲ.

ಜೂನ್ ತಿಂಗಳಲ್ಲಿ ತಂಡ ಮುಂಬಯಿಯಿಂದ ಹಡಗು ಹತ್ತಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮ್ಯಾರಥಾನ್‌ಗೆ ಹತ್ತು ವಾರ ಇರುವಾಗ ಓಟಗಾರರು ವಾರದಿಂದ ವಾರಕ್ಕೆ ದೂರವನ್ನು ಏರಿಸುತ್ತ ಹೋಗುತ್ತಾರೆ. ಚೌಗುಲೆ ಅವರಿದ್ದದ್ದು ಸಮುದ್ರದ ನಡುವೆ. ಹಡಗಿನ ಅಟ್ಟದ ಮೇಲೆ ಎಷ್ಟು ಸುತ್ತು ಹಾಕಿದರೂ ಅದು ರಸ್ತೆಯ ಓಟವಾಗದು. ಎರಡು ವಾರ ಓಟ ತಪ್ಪಿದರೆ ಉಸಿರಿನ ಕಸುವು ಇಳಿಯತೊಡಗುತ್ತದೆ ಎಂಬುದು ಇಂದು ಪ್ರಯೋಗಗಳಿಂದ ಖಚಿತವಾಗಿರುವ ವಿಷಯ. ಪುಣೆಯ ಬಿಸಿಲಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಅವರು ಅರಬ್ಬಿ ಸಮುದ್ರಕ್ಕೆ ಕೊಟ್ಟೇ ಇಂಗ್ಲೆಂಡ್ ಮುಟ್ಟಿದರೆಂದರೆ ತಪ್ಪಾಗಲಾರದು.

ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ

ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಇಂದು ಚೆಲ್ಸಿ ಫುಟ್‌ಬಾಲ್ ತಂಡದ ಕ್ರೀಡಾಂಗಣವೆಂದು ಎಲ್ಲರಿಗೂ ಗೊತ್ತು. 1877ರಲ್ಲಿ ಅದು ಆರಂಭವಾದದ್ದು ಓಟಗಾರರಿಗಾಗಿ. 1920ರಲ್ಲಿಯೂ ಅಲ್ಲಿ ಓಟದ ಪಥವಿತ್ತು. ಇಂಗ್ಲೆಂಡಿನ ಪ್ರಮುಖ ಅಂಗಸಾಧನೆಯ ಕೂಟಗಳು ಅಲ್ಲಿಯೇ ನಡೆಯುತ್ತಿದ್ದವು. ಭಾರತದ ತಂಡಕ್ಕೆ ಇಲ್ಲಿ ಆಂಗ್ಲ ತರಬೇತುದಾರರೊಬ್ಬರ ಕೈಕೆಳಗೆ ಸುಮಾರು ಆರು ವಾರ ಅಭ್ಯಾಸ ದೊರೆಯಿತು.

ಆರು ವಾರದಲ್ಲಿ ಏನು ಸಾಧ್ಯ? ಮ್ಯಾರಥಾನ್‌ನ ಬಲವನ್ನು ಆರು ವಾರದಲ್ಲಿ ಕಟ್ಟಲಾಗದು. ಅದು ವರ್ಷಗಳ ಕೆಲಸ, ಆ ಕೆಲಸ ಬೆಳಗಾವಿ, ಪುಣೆಗಳಲ್ಲಿ ಮುಗಿದಿತ್ತು. ಲಂಡನ್ನಿನಲ್ಲಿ ಆಗಬೇಕಾಗಿದ್ದದ್ದು ಹೊಂದಿಕೆ. ತಣ್ಣನೆಯ ಗಾಳಿಗೆ, ಬೇರೆ ಊಟಕ್ಕೆ, ಗಟ್ಟಿ ರಸ್ತೆಗೆ, ಗುಂಪಿನಲ್ಲಿ ಓಡುವ ರೀತಿಗೆ ದೇಹವನ್ನು ಒಗ್ಗಿಸಬೇಕಿತ್ತು. ಇಂದು ತರಬೇತುದಾರರು ಕೊನೆಯ ಮೂರು ವಾರಗಳಲ್ಲಿ ದೂರವನ್ನು ಹಂತಹಂತವಾಗಿ ಇಳಿಸಿ, ವೇಗವನ್ನು ಮಾತ್ರ ಉಳಿಸಿಕೊಳ್ಳಲು ಹೇಳುತ್ತಾರೆ. ದಣಿದ ಸ್ನಾಯುಗಳು ಚೇತರಿಸಿಕೊಳ್ಳಲಿ, ಅವುಗಳಲ್ಲಿ ಶರ್ಕರದ ಸಂಗ್ರಹ ತುಂಬಲಿ ಎಂಬುದು ಇದರ ಉದ್ದೇಶ. ಹೊಸ ಬೂಟು, ಹೊಸ ಆಹಾರ ಯಾವುದನ್ನೂ ಈ ಅವಧಿಯಲ್ಲಿ ಪ್ರಯೋಗಿಸಬಾರದು ಎಂಬುದು ಮೊದಲ ಪಾಠ. ಚೌಗುಲೆ ಅವರ ಪಾಲಿಗೆ ಆ ಆರು ವಾರಗಳಲ್ಲಿ ಹೊಸದಲ್ಲದ್ದು ಯಾವುದಿತ್ತು?

ಮ್ಯಾರಥಾನ್‌ನ ವಿಜ್ಞಾನವೂ ಆಗಿನ್ನೂ ಕತ್ತಲಲ್ಲಿತ್ತು. ಓಡುವಾಗ ನೀರು ಕುಡಿದರೆ ಕೆಡುಕು ಎಂದು ನಂಬಿದವರು ಬಹಳ ಜನ. 1904ರಲ್ಲಿ ಗೆದ್ದ ಥಾಮಸ್ ಹಿಕ್ಸ್ ಅವರಿಗೆ ದಾರಿಯಲ್ಲಿ ಬ್ರಾಂದಿಯೊಂದಿಗೆ ಸ್ಟ್ರಿಕ್ನಿನ್ ಎಂಬ ವಿಷವನ್ನು ಉತ್ತೇಜಕವಾಗಿ ಕೊಟ್ಟಿದ್ದರು. 1908ರಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಕ್ರೀಡಾಂಗಣದೊಳಗೆ ಪದೇ ಪದೇ ಕುಸಿದರು. 1912ರ ಸ್ಟಾಕ್‌ಹೋಮ್ ಓಟದ ಬಿರುಬಿಸಿಲಿನಲ್ಲಿ ಕುಸಿದ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಮರುದಿನ ಅಸುನೀಗಿದರು. ಅದರ ನಂತರ ನಡೆದ ಮೊದಲ ಒಲಿಂಪಿಕ್ ಮ್ಯಾರಥಾನ್ ಎಂದರೆ ಆ್ಯಂಟ್‌ವರ್ಪ್‌ನದೇ, ಏಕೆಂದರೆ ಮಹಾಯುದ್ಧದಿಂದಾಗಿ 1916ರ ಕೂಟ ರದ್ದಾಗಿತ್ತು. ಸಾವಿನ ನೆನಪು ಹಸಿಯಾಗಿದ್ದ ಓಟಕ್ಕೆ ಹದಿನೆಂಟರ ಹುಡುಗ ಸಿದ್ಧನಾಗುತ್ತಿದ್ದ ಎಂಬುದನ್ನು ಮರೆಯಲಾಗದು.

1920ರ ಆಗಸ್ಟ್ 22

ಯುದ್ಧದಲ್ಲಿ ನಲುಗಿದ ಬೆಲ್ಜಿಯಂ ದೇಶಕ್ಕೆ ಗೌರವವಾಗಿ ಈ ಕೂಟವನ್ನು ನೀಡಲಾಗಿತ್ತು. ಐದು ಬಳೆಗಳ ಒಲಿಂಪಿಕ್ ಧ್ವಜ ಕೂಟದಲ್ಲಿ ಮೊದಲು ಹಾರಿದ್ದು, ಕ್ರೀಡಾಪಟುಗಳು ಪ್ರತಿಜ್ಞೆ ಸ್ವೀಕರಿಸುವ ಪದ್ಧತಿ ಮೊದಲಾದದ್ದು ಅಲ್ಲಿಯೇ. ಚೌಗುಲೆ ಅವರ ಹೆಸರು 10,000 ಮೀಟರ್ ಓಟದಲ್ಲಿಯೂ ಇತ್ತು; ಅದರಲ್ಲಿ ಅವರು ಮುಂದಿನ ಸುತ್ತು ಕಾಣಲಿಲ್ಲ.

ಮ್ಯಾರಥಾನ್ ದಿನ ತಣ್ಣನೆಯ ಹವೆ, ಮಳೆ. ದೂರ 42.75 ಕಿಲೋಮೀಟರ್. ಒಲಿಂಪಿಕ್ ಇತಿಹಾಸದಲ್ಲಿ ಇದಕ್ಕಿಂತ ಉದ್ದದ ಮ್ಯಾರಥಾನ್ ನಡೆದಿಲ್ಲ. 42.195 ಕಿ.ಮೀ. ಎಂಬ ಅಳತೆ ಖಾಯಂ ಆದದ್ದು ಮರುವರ್ಷ, 1921ರಲ್ಲಿ. ಹೊರಟವರು 48, ಗುರಿ ಮುಟ್ಟಿದವರು 35. ಬಹುದೂರ ಮುಂಚೂಣಿಯಲ್ಲಿದ್ದ ದಕ್ಷಿಣ ಆಫ್ರಿಕಾದ ಕ್ರಿಸ್ಟೋಫರ್ ಗಿಟ್‌ಶಮ್ ದಾರಿಯಲ್ಲಿಯೇ ಓಟ ಬಿಟ್ಟರು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ಎಸ್ಟೋನಿಯಾದ ಯೂರಿ ಲಾಸ್‌ಮನ್ ಕೇವಲ 12.8 ಸೆಕೆಂಡುಗಳಿಂದ ಚಿನ್ನ ಕಳೆದುಕೊಂಡರು. ಮೂರನೆಯವರಾಗಿ ಬಂದ ಇಟಲಿಯ ವಾಲೇರಿಯೊ ಆರಿ ಅವರು ಗುರಿ ದಾಟಿದ ಹರ್ಷಕ್ಕೆ ಲಾಗ ಹಾಕಿದರಂತೆ!

ಅದೇ ಅಭ್ಯಾಸ ಪಡೆದಿದ್ದ ಸದಾಶಿವ ದಾತಾರ ಓಟ ಪೂರ್ಣಗೊಳಿಸಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಗೆದ್ದವರಿಗಿಂತ 18 ನಿಮಿಷ ಹಿಂದೆ. ಪದಕದ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಬಹುದು. ಅವರ ಸರಾಸರಿ ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ. ಅದೇ ವೇಗದಲ್ಲಿ ಇಂದಿನ ಅಳತೆಯ ಮ್ಯಾರಥಾನ್ ಓಡಿದರೆ 2 ಗಂಟೆ 49 ನಿಮಿಷದೊಳಗೆ ಮುಗಿಯುತ್ತದೆ. ಹಗುರ ಬೂಟು, ದಾರಿಯುದ್ದಕ್ಕೂ ನೀರು, ಕೈಗಡಿಯಾರದಲ್ಲಿ ನಾಡಿಬಡಿತ ಎಲ್ಲ ಇರುವ ಇಂದಿನ ಹವ್ಯಾಸಿ ಓಟಗಾರರಲ್ಲಿ ಹೆಚ್ಚಿನವರಿಗೆ ಮೂರು ತಾಸಿನೊಳಗಿನ ಓಟ ಈಗಲೂ ಕನಸಿನ ಮಾತು. 13 ಮಂದಿ ಕೈಚೆಲ್ಲಿದ ಮಳೆಯ ದಿನ, ಯುರೋಪನ್ನು ನೋಡಿ ಎರಡು ತಿಂಗಳೂ ಆಗಿರದ ಹುಡುಗನೊಬ್ಬ ನಿಲ್ಲದೆ ಓಡಿದ್ದ. ಈ ವರದಿಗಾರನ ದೃಷ್ಟಿಯಲ್ಲಿ ಆ ತಂಡದ ಅತ್ಯಂತ ಗಟ್ಟಿ ಸಾಧನೆಗಳು ಎರಡು: ಒಂದು ಇದು, ಇನ್ನೊಂದು ಕುಸ್ತಿಯಲ್ಲಿ ರಣಧೀರ ಶಿಂದೆ ಪಡೆದ ನಾಲ್ಕನೇ ಸ್ಥಾನ.

ದೇಣಿಗೆ ಕೊಟ್ಟವರಿಗೆ ಪದಕ ಸಿಗಲಿಲ್ಲ. ಆದರೆ ಸಂಘಟಕರ ಉತ್ಸಾಹ ಕುಂದಲಿಲ್ಲ. ಅದೇ ವರ್ಷ ದೊರಾಬ್ಜಿ ಟಾಟಾ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಭಾರತದ ಮೊದಲ ಸದಸ್ಯರಾದರು. 1924ರಲ್ಲಿ ಪ್ಯಾರಿಸ್‌ಗೆ ಮತ್ತೆ ತಂಡ ಹೋಯಿತು, 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು. ಪ್ಯಾರಿಸ್ ಮ್ಯಾರಥಾನ್‌ನಲ್ಲಿ ಮಹಾದೇವ ಸಿಂಗ್ 29ನೆಯವರಾದರು. ಚೌಗುಲೆ ಆ ತಂಡದಲ್ಲಿರಲಿಲ್ಲ. ಇಪ್ಪತ್ತೆರಡರ ಹರೆಯದಲ್ಲಿ, ದೂರದ ಓಟಗಾರರು ನಿಜವಾಗಿ ಬಲಿಯುವ ಹೊತ್ತಿಗೆ, ಅವರ ಒಲಿಂಪಿಕ್ ಬದುಕು ಮುಗಿದಿತ್ತು. ಇದು ನಷ್ಟವೇ ಸರಿ. 1950ರ ದಶಕದ ಆರಂಭದಲ್ಲಿ ಅವರು ನಿಧನರಾದರು. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಅವರ 19ನೇ ಸ್ಥಾನವನ್ನು ಭಾರತೀಯರೊಬ್ಬರು ಹಿಂದಿಕ್ಕಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ ಶಿವನಾಥ ಸಿಂಗ್ 11ನೆಯವರಾದಾಗ.

ಚೌಗುಲೆ ಅವರು ಓಡಿದ ದೂರವನ್ನು ನಮ್ಮ ಕಡೆಯ ಓದುಗರು ಕಣ್ಣಳತೆಯಲ್ಲಿ ಹಿಡಿಯಬೇಕೆಂದರೆ ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗಿ ಮರಳಬೇಕು. ಹೋಗುವುದು 22 ಕಿಲೋಮೀಟರ್, ಬರುವುದು ಅಷ್ಟೇ. ಆ್ಯಂಟ್‌ವರ್ಪ್‌ನ ಓಟ ಇದಕ್ಕಿಂತ ಒಂದೂಕಾಲು ಕಿಲೋಮೀಟರಷ್ಟೇ ಕಡಿಮೆ. ಮುಂಜಾನೆ ಆರು ಗಂಟೆಗೆ ಬಾದಾಮಿ ಬಿಟ್ಟು ನಂದಿಕೇಶ್ವರದ ಮೇಲೆ ಚೌಗುಲೆ ಅವರ ವೇಗದಲ್ಲಿ ಓಡಿದವರು ಏಳು ಇಪ್ಪತ್ತೆಂಟಕ್ಕೆ ಮಲಪ್ರಭೆಯ ದಂಡೆಯ ಗುಡಿಗಳ ಮುಂದಿರುತ್ತಾರೆ. ಅಲ್ಲಿಂದ ಹಿಂದಿರುಗಿ, ಬಿಸಿಲು ಏರುತ್ತಿರುವಾಗ, ಅದೇ ವೇಗದಲ್ಲಿ ಬಾದಾಮಿಯ ಸೀಮೆಗೆ ಬಂದು ಮುಟ್ಟಬೇಕು, ಒಂಬತ್ತು ಗಂಟೆಯೊಳಗೆ.